ದೀರ್ಘಾಯುಷ್ಯವೆಂಬ ಉತ್ತರ



ನಮ್ಮಲ್ಲಿ ಅರವತ್ತು ತುಂಬಿದವರಿಗೆ ಷಷ್ಟಿಪೂರ್ತಿ, ಎಂಬತ್ತು ದಾಟಿದವರಿಗೆ ಸಹಸ್ರ ಚಂದ್ರದರ್ಶನ ಶಾಂತಿ ಮಾಡುವ ಪದ್ಧತಿಯುಂಟು. ಟಿಬೆಟನ್ನರಲ್ಲಿಯೂ ಇಂತಹ ಆಚರಣೆಯೊಂದಿದೆ, ಹೆಸರು ‘ತೆನ್‌ಶುಗ್’. ಸ್ಥಿರವಾಗಿ ನೆಲೆಸಿರಿ ಎಂಬುದು ಅದರ ಭಾವ. ಗುರುವು ಇನ್ನೂ ಬಹುಕಾಲ ತಮ್ಮೊಡನಿರಬೇಕೆಂದು ಶಿಷ್ಯರು ಪ್ರಾರ್ಥಿಸುತ್ತಾರೆ. 2025ರ ಜುಲೈ 6ರಂದು ತೊಂಬತ್ತು ತುಂಬಿದ ಹದಿನಾಲ್ಕನೆಯ ದಲೈ ಲಾಮಾ ಅವರಿಗಾಗಿ ಈ ಪ್ರಾರ್ಥನೆ ನಡೆದಾಗ, ಅದರ ಹಿಂದೆ ಒಂದು ಜನಾಂಗದ ಅಳಿವು-ಉಳಿವಿನ ಚರಿತ್ರೆಯೇ ಇತ್ತು.

1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾದ ಆಳ್ವಿಕೆಯ ವಿರುದ್ಧ ಜನರು ದಂಗೆಯೆದ್ದರು. ಮಾರ್ಚ್ 17ರ ರಾತ್ರಿ ಅರಮನೆ ತೊರೆದ ದಲೈ ಲಾಮಾ ಅದೇ ತಿಂಗಳ 31ರಂದು ಭಾರತದ ಗಡಿ ದಾಟಿದರು. ಆಗ ಅವರಿಗೆ ಇಪ್ಪತ್ಮೂರು ವರ್ಷ. ಸುಮಾರು 80,000 ಜನರು ಅವರ ಹಾದಿ ಹಿಡಿದರು. 1960ರಲ್ಲಿ ಅಂತರರಾಷ್ಟ್ರೀಯ ನ್ಯಾಯತಜ್ಞರ ಆಯೋಗದ ವಿಚಾರಣಾ ಸಮಿತಿಯು, ಟಿಬೆಟನ್ನರನ್ನು ಒಂದು ಧಾರ್ಮಿಕ ಸಮುದಾಯವಾಗಿ ನಾಶಮಾಡುವ ಉದ್ದೇಶದಿಂದ ನರಮೇಧದ ಕೃತ್ಯಗಳು ನಡೆದಿವೆಯೆಂದು ನಿರ್ಣಯಿಸಿತು. ಅವರನ್ನು ಒಂದು ಜನಾಂಗ ಅಥವಾ ರಾಷ್ಟ್ರವಾಗಿ ನಾಶಮಾಡುವ ಯತ್ನಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದೂ ಅದೇ ಸಮಿತಿ ಹೇಳಿತು. ಚೀನಾ ಇಂತಹ ಆರೋಪಗಳನ್ನು ಒಪ್ಪುವುದಿಲ್ಲ. ‘ನರಮೇಧ’ ಎಂಬ ಶಬ್ದವನ್ನು ಎಷ್ಟು ತೂಗಿ ಬಳಸಬೇಕೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಬದುಕುಳಿದವರಿಗೆ ನೆಲ ಕೊಟ್ಟ ರಾಜ್ಯಗಳಲ್ಲಿ ನಮ್ಮದು ಅಗ್ರಗಣ್ಯ. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. ಅದು ಆಗ ಕಾಡು. ಹಿಮಪರ್ವತಗಳ ಜನರು ನಮ್ಮ ಬಿಸಿಲಿನಲ್ಲಿ ಡೇರೆ ಹಾಕಿ, ಮರ ಕಡಿದು, ಆನೆಗಳ ಹಾವಳಿ ಸಹಿಸಿ, ಮುಸುಕಿನ ಜೋಳ ಬೆಳೆದರು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ನೆಲೆಗಳಾದವು. ನಮ್ಮ ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ, ಬಿಡದಿಗೆ ಮೊದಲೇ ಸಿಗುವ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯಿದೆ. ಕಾಡು ಕಡಿದವರ ಮೊಮ್ಮಕ್ಕಳ ಪೀಳಿಗೆಗೆ ಅದು ಕಾಲೇಜು.

ದೀರ್ಘಾಯುಷ್ಯದ ಬೆಲೆ ಅರಿಯಲು ಮತ್ತೊಂದು ಜೀವನವನ್ನು ಪಕ್ಕದಲ್ಲಿಟ್ಟು ನೋಡಬೇಕು. ಹತ್ತನೆಯ ಪಂಚೆನ್ ಲಾಮಾ ದಲೈ ಲಾಮಾರಿಗಿಂತ ಮೂರು ವರ್ಷ ಚಿಕ್ಕವರು. ದೇಶ ಬಿಡದೆ ಉಳಿದವರು. 1962ರಲ್ಲಿ ಟಿಬೆಟನ್ನರ ಹಸಿವು, ಸೆರೆವಾಸ, ಮಠಗಳ ನಾಶವನ್ನು ವಿವರಿಸಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರಿಗೆ ದೀರ್ಘ ಮನವಿ ಸಲ್ಲಿಸಿದರು. ಫಲವಾಗಿ ಅವಮಾನ, ಅನಂತರ ಹಲವು ವರ್ಷಗಳ ಸೆರೆ. 1989ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೇ ವರ್ಷ. ಆ ಮನವಿ ಹೊರಜಗತ್ತಿನಲ್ಲಿ ಅಚ್ಚಾದದ್ದು 1990ರ ದಶಕದಲ್ಲಿ. ಅವರ ಪೀಠವಾದ ತಾಶಿ ಲುನ್‌ಪೊ ಮಠವು 1972ರಲ್ಲಿ ಬೈಲಕುಪ್ಪೆಯಲ್ಲಿ ಪುನಃ ಸ್ಥಾಪಿತವಾಯಿತು.

2025ರ ಜನವರಿಯಲ್ಲಿ ದಲೈ ಲಾಮಾ ತಂಗಿದ್ದದ್ದು ಅದೇ ಮಠದಲ್ಲಿ. ಆ ತಿಂಗಳ 7ರಂದು, ಮೂಲ ಮಠವಿರುವ ಶಿಗಾಟ್ಸೆ ಪ್ರಾಂತದಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಮಡಿದರು. ಅಲ್ಲಿಗೆ ಹೋಗಲಾಗದ ವೃದ್ಧರು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಿಂದಲೇ ಮೃತರಿಗಾಗಿ ಪ್ರಾರ್ಥಿಸಿದರು.

ಸಮುದಾಯವೊಂದನ್ನು ಅಳಿಸಹೊರಟವರಿಗೆ ಕಾಲವೇ ಸಹಾಯಕ. ಕಂಡವರು ಸತ್ತರೆ ಸಾಕ್ಷಿ ಮುಗಿಯಿತು. ಆದ್ದರಿಂದ ಇಂತಹವರ ಪಾಲಿಗೆ ಮುಪ್ಪಿನವರೆಗೆ ಬದುಕುವುದೂ ಒಂದು ಉತ್ತರ. ಬೈಲಕುಪ್ಪೆಯ ಮೊದಲ ತಲೆಮಾರಿನವರು ವರ್ಷೇ ವರ್ಷೇ ಕಡಿಮೆಯಾಗುತ್ತಿದ್ದಾರೆ. ಸುವರ್ಣ ದೇಗುಲ ನೋಡಲು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ನೀವು, ಜಪಮಣಿ ಎಣಿಸುತ್ತ ಕುಳಿತ ಅಜ್ಜ ಅಜ್ಜಿಯರಿಗೂ ನಮಸ್ಕರಿಸಿ ಬನ್ನಿ. ಅವರು ಯಾವ ಊರಿನವರೆಂದು ಕೇಳಿ. ಆ ಊರಿನ ಹೆಸರು ಇನ್ನೊಂದು ತಲೆಮಾರಿನ ಕಿವಿಗೆ ಬೀಳಲಿ.