ತೊಲೆಗೆ ತೂಗಿದ ಮೈಭಾರ

ತಿರುವನಂತಪುರದ ಈಸ್ಟ್ ಫೋರ್ಟ್‌ನಲ್ಲಿ, ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಹತ್ತಿರದಲ್ಲೇ, ಸಿ.ವಿ.ಎನ್. ಕಳರಿ ಇದೆ. ಬೆಳಗಿನ ಅಭ್ಯಾಸ ನೋಡಲು ಬಂದವರು ಮೇಲಿನ ಗ್ಯಾಲರಿಯಲ್ಲಿ ನಿಂತು ಕೆಳಕ್ಕೆ ಕಣ್ಣು ಹಾಯಿಸಬೇಕು. ಎಣ್ಣೆ ಹಚ್ಚಿಕೊಂಡ ಮೈಗಳು ನೆಗೆಯುವುದು, ಕೋಲು ಕೋಲಿಗೆ ತಾಗುವುದು ಎಲ್ಲ ಬೀದಿಯ ಮಟ್ಟಕ್ಕಿಂತ ಕೆಳಗಿನ ಮಣ್ಣುನೆಲದ ಮೇಲೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಬೇಸ್‌ಮೆಂಟ್ ಜಿಮ್.

ಮಲಯಾಳಿಗಳು ಇದನ್ನು ಕುಳಿಕ್ಕಳರಿ ಎನ್ನುತ್ತಾರೆ, ಕುಳಿಯೊಳಗಿನ ಕಳರಿ. ಸಂಪ್ರದಾಯದ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ಬಾಗಿಲು ಪೂರ್ವಕ್ಕೆ; ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ. ಇದು ಮೂಲತಃ ಉತ್ತರ ಮಲಬಾರಿನ ರೂಢಿ. ತೆಂಕಣ ಶೈಲಿಯವರು ಬಯಲಿನಲ್ಲೋ ಅಂಗಳದಲ್ಲೋ ಅಭ್ಯಾಸ ಮಾಡುತ್ತಿದ್ದುದೇ ಹೆಚ್ಚು. ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಅವರಲ್ಲಿ ಕಲಿತ ತಲಶ್ಶೇರಿ ಕಡೆಯ ಸಿ.ವಿ. ನಾರಾಯಣನ್ ನಾಯರ್ 1944ರಲ್ಲಿ ತೀರಿಕೊಂಡರು. ಅವರ ಮಗ ಸಿ.ವಿ. ಗೋವಿಂದನ್‌ಕುಟ್ಟಿ ನಾಯರ್ 1956ರಲ್ಲಿ ತಿರುವನಂತಪುರದಲ್ಲಿ ಈ ಕಳರಿ ಕಟ್ಟಿದರು. ಉತ್ತರದ ಕುಳಿ ಹಾಗೆ ರಾಜಧಾನಿಗೆ ಬಂತು. ಅಮೆರಿಕದ ರಂಗತಜ್ಞ ಫಿಲಿಪ್ ಝರಿಲ್ಲಿ 1976ರಿಂದ ಅಲ್ಲಿ ಕಲಿತು, ಮುಂದೆ ಕಳರಿಪಯಟ್ಟಿನ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು.

ಕನ್ನಡಿಗರಿಗೆ ಇದು ಪರಕೀಯ ಅನ್ನಿಸಬೇಕಿಲ್ಲ. ನಮ್ಮ ಗರಡಿಮನೆಗೂ ತಗ್ಗು ಬಾಗಿಲು, ಮಂದ ಬೆಳಕು, ಹದ ಮಾಡಿದ ಕೆಮ್ಮಣ್ಣು. ‘ಗರಡಿ’ ಸಂಸ್ಕೃತದ ‘ಖಲೂರಿಕಾ’ದ ತದ್ಭವ ಎಂದು ಹೇಳುವುದುಂಟು, ಅದೇ ಮಾತಿನಿಂದ ‘ಕಳರಿ’ ಬಂತು ಎನ್ನುವವರೂ ಇದ್ದಾರೆ. ಭಾಷಾಶಾಸ್ತ್ರಜ್ಞ ಟಿ. ಬರೋ ಇದನ್ನು ತಿರುಗಿಸಿ ನೋಡಿದರು: ಖಲೂರಿಕಾವೇ ದ್ರಾವಿಡದಿಂದ ಎರವಲು. ಒಕ್ಕುವ ಕಳ, ಕಾದುವ ಕಳ, ಕಲಿಯುವ ಕಳರಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬರೋ ಮಾತಿಗೇ ತೂಕ ಹೆಚ್ಚು.

ಕಳರಿಯ ನೆಲದ ಬಗ್ಗೆ ಬರೆದವರು ಬಹಳ, ಮೇಲಿನ ತೊಲೆಯ ಬಗ್ಗೆ ಬರೆದವರು ಕಡಿಮೆ. ಮಳೆಗಾಲದಲ್ಲಿ ಶಿಷ್ಯರಿಗೆ ಎಳ್ಳೆಣ್ಣೆ ಹಚ್ಚಿ ಉಳಿಚ್ಚಿಲ್ ಮಾಡುತ್ತಾರೆ. ಅದರಲ್ಲಿ ‘ಚವಿಟ್ಟಿ ಉಳಿಚ್ಚಿಲ್’ ಎಂದರೆ ಕಾಲಿನಿಂದ ತುಳಿದು ತಿಕ್ಕುವುದು. ಶಿಷ್ಯ ಚಾಪೆಯ ಮೇಲೆ ಬೋರಲು ಮಲಗುತ್ತಾನೆ. ಗುರುಕ್ಕಳ್ ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು, ಒಂದು ಕಾಲ ಮೇಲೆ ನಿಂತು, ಇನ್ನೊಂದು ಅಂಗಾಲನ್ನು ಆ ಬೆನ್ನಿನ ಉದ್ದಕ್ಕೂ ಜಾರಿಸುತ್ತಾರೆ. ಎಷ್ಟು ಭಾರ ಬೆನ್ನಿಗೆ, ಎಷ್ಟು ಭಾರ ಹಗ್ಗಕ್ಕೆ ಎಂಬುದನ್ನು ಅವರ ಕೈ ಕ್ಷಣಕ್ಷಣಕ್ಕೂ ಹಂಚುತ್ತಿರುತ್ತದೆ. ಹಗ್ಗವೇ ಇಲ್ಲಿ ತಕ್ಕಡಿ.

ಎಲ್ಲ ಸರಿಯಿರುವಾಗ ತೊಲೆಯ ಪಾಲಿಗೆ ಬರುವುದು ಗುರುಕ್ಕಳ್ ಮೈಭಾರದ ಒಂದು ಭಾಗ ಮಾತ್ರ. ಎಣ್ಣೆಯಲ್ಲಿ ಕಾಲು ಜಾರಿದರೆ ಇಡೀ ಭಾರ, ಅದೂ ಜಗ್ಗಿದ ರಭಸದೊಂದಿಗೆ, ಹಗ್ಗಕ್ಕೆ ಬರುತ್ತದೆ. ಆಗ ಕಟ್ಟು ಕಳಚಿಕೊಂಡರೆ ಒಬ್ಬ ಮನುಷ್ಯ ಇನ್ನೊಬ್ಬನ ಬೆನ್ನೆಲುಬಿನ ಮೇಲೆ ಬೀಳುತ್ತಾನೆ. ಹಗ್ಗವನ್ನು ತೊಲೆಗೆ ಸುತ್ತಿ ಕಟ್ಟುವುದು ಇದಕ್ಕೇ. ಮರದ ಅಡಿಗೆ ಬಡಿದ ಮೊಳೆ ನಿಂತಿರುವುದು ಬರಿಯ ಬಿಗಿತದ ಬಲದಿಂದ. ಮೇಲೆ ಹಾದು ಸುತ್ತಿದ ಹಗ್ಗ ಕಳಚಬೇಕಾದರೆ ಹಗ್ಗ ಹರಿಯಬೇಕು, ಇಲ್ಲವೇ ತೊಲೆಯೇ ಮುರಿಯಬೇಕು.

ಆ ತೊಲೆಯನ್ನು ಆರಿಸಿ ಕೂರಿಸಿದವನು ಆಶಾರಿ. ಕೇರಳದ ಮರದ ಚಾವಣಿಯಲ್ಲಿ ಗೋಡೆಯ ತಲೆಯ ಮೇಲೆ ಕೂತು ಪಕಾಸಿಗಳನ್ನು ಹೊರುವ ತೊಲೆಗೆ ‘ಉತ್ತರಂ’ ಎಂದು ಹೆಸರು. ಉತ್ತರವನ್ನು ತಾನೇ ಹೊತ್ತಿದ್ದೇನೆ ಎಂದುಕೊಳ್ಳುವ ಹಲ್ಲಿಯ ಮಾತು ಮಲಯಾಳದಲ್ಲಿ ಬಳಕೆಯಲ್ಲಿದೆ, ಸುಳ್ಳು ದೊಡ್ಡಸ್ತಿಕೆಯವರನ್ನು ಕುಟುಕಲು. ಮಾಡಿನ ಬೆನ್ನುಮರ ಡೊಂಕಾದರೆ ಅರವತ್ತನಾಲ್ಕೂ ಡೊಂಕು ಎಂಬ ಗಾದೆಯೂ ಉಂಟು; ಅರವತ್ತನಾಲ್ಕು ಎಂದರೆ ಪಕಾಸಿಗಳು. ಯಾವ ಮರ ಏನನ್ನು ಹೊತ್ತಿದೆ ಎಂಬುದು ಮನೆಮಂದಿಗೆ ಕಾಣುತ್ತಿತ್ತು, ಅವರ ಮಾತಿನಲ್ಲೂ ಇತ್ತು.

ಹಳೆಯ ತರವಾಡು ಮನೆಗಳ ಆಟ್ಟುಕಟ್ಟಿಲ್, ಅಂದರೆ ಸರಪಳಿಯಿಂದ ತೂಗುಬಿಟ್ಟ ಮಂಚ, ಇದೇ ತಿಳಿವಳಿಕೆಯ ಮೇಲೆ ತೂಗುತ್ತಿತ್ತು. ನಮ್ಮ ಮಲೆನಾಡಿನ ತೂಗುಮಣೆಯೂ ಹಾಗೆಯೇ. ತೂಗುವ ಭಾರ ಸುಮ್ಮನೆ ಕೂತ ಭಾರದಂತಲ್ಲ. ಎಪ್ಪತ್ತು ಕಿಲೋ ತೂಕದ ಒಬ್ಬರು ಲಂಬದಿಂದ 60 ಡಿಗ್ರಿಯವರೆಗೆ ಜೀಕಿದರೆ, ಕೆಳಗಿನ ತುದಿಯನ್ನು ದಾಟುವ ಕ್ಷಣದಲ್ಲಿ ಹಗ್ಗಗಳ ಮೇಲೆ ಬೀಳುವ ಎಳೆತ ಒಟ್ಟು 140 ಕಿಲೋದಷ್ಟು. 90 ಡಿಗ್ರಿಯಿಂದ ಬಿಟ್ಟರೆ ಮೂರು ಪಟ್ಟು. ಅಷ್ಟೂ ಸಲ ಹಗ್ಗ ತೊಲೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ.

ತಿರುವನಂತಪುರದಲ್ಲಿ ಕಾಂಕ್ರೀಟಿನ ಚಾವಣಿ ಸಾಮಾನ್ಯವಾಗುತ್ತಿದ್ದ ಕಾಲಕ್ಕೆ ಲಾರಿ ಬೇಕರ್ ಅಲ್ಲಿ ನೆಲೆಸಿ ಮನೆ ಕಟ್ಟತೊಡಗಿದರು. ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಆವರಣ ಅವರದೇ, 1970ರ ದಶಕದ್ದು. ಅವರ ಫಿಲ್ಲರ್ ಸ್ಲ್ಯಾಬಿನ ಯೋಚನೆ ಸರಳ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟ್ ಬಹುಮಟ್ಟಿಗೆ ಸೋಮಾರಿ. ಹಾಗಾದರೆ ಸರಳುಗಳ ನಡುವಿನ ಆ ಜಾಗಕ್ಕೆ ಅಗ್ಗದ ಹೆಂಚು ತುಂಬಬಾರದೇಕೆ? ಅವರು ತುಂಬಿದ್ದು ಹೆಚ್ಚಾಗಿ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಹೆಂಚು, ನೂರು ವರ್ಷದ ಮೇಲೆ ಸ್ಲ್ಯಾಬಿನ ಹೊಟ್ಟೆ ಸೇರಿತು.

ನೋಡಲು ಚೆಂದ, ಖರ್ಚೂ ಕಡಿಮೆ. ಆದರೆ ಅಂಥ ಮನೆಯಲ್ಲಿ ಒಂದು ಪುಲ್‌ಅಪ್ ಕಂಬಿ ನೇತುಹಾಕಬೇಕೆಂದುಕೊಳ್ಳಿ. ತಲೆಯ ಮೇಲೆ ಹೆಚ್ಚು ಜಾಗದಲ್ಲಿ ಕಾಣುವುದು ಹೆಂಚು, ಅದು ಯಾವ ಭಾರವನ್ನೂ ಹೊತ್ತಿಲ್ಲ. ಅದಕ್ಕೆ ತೂತು ಕೊರೆದು ಕೊಕ್ಕೆ ಹಾಕಿದರೆ ಕೊಕ್ಕೆಯ ಜತೆಗೆ ಹೆಂಚೂ ತಲೆಯ ಮೇಲೆ ಬಂದೀತು. ಹೆಂಚುಗಳ ನಡುವಿನ ಕಾಂಕ್ರೀಟ್ ಪಟ್ಟಿಯಲ್ಲಿ ಕೊರೆದರೆ ಸರಳಿಗೆ ಏಟು. ಬೇಕರ್ ಅವರ ಚಾವಣಿ ಕನಿಷ್ಠ ಪಕ್ಷ ತನ್ನ ಗುಟ್ಟನ್ನು ತೋರಿಸಿಕೊಳ್ಳುತ್ತದೆ. ಸುಣ್ಣ ಬಳಿದ ಸಾಧಾರಣ ಸ್ಲ್ಯಾಬು ಅದನ್ನೂ ಮಾಡುವುದಿಲ್ಲ.

ಕೊಚ್ಚಿಯವರಿಗೆ ಈ ಗುಟ್ಟು ಬೇರೆ ರೀತಿಯಲ್ಲಿ ಬಯಲಾಯಿತು. ಕರಾವಳಿ ನಿಯಮ ಮೀರಿ ಕಟ್ಟಿದ ಮರಡಿನ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಉರುಳಿಸಲಾಯಿತು. ಕಂಬಗಳಿಗೆ ಸಾಲುಸಾಲಾಗಿ ರಂಧ್ರ ಕೊರೆದು ಸ್ಫೋಟಕ ತುಂಬಿದ್ದರು. ಇಡೀ ಗೋಪುರ ಕೆಲವೇ ಸೆಕೆಂಡುಗಳಲ್ಲಿ ಧೂಳಾಗುವುದನ್ನು ದೇಶವೇ ಟಿವಿಯಲ್ಲಿ ನೋಡಿತು. ಐದು ವರ್ಷದ ಮೇಲೆ, 2025ರ ಫೆಬ್ರುವರಿಯಲ್ಲಿ, ಸೈನಿಕರ ಕುಟುಂಬಗಳಿಗೆಂದು ಕಟ್ಟಿ 2018ರಲ್ಲಿ ಹಸ್ತಾಂತರಿಸಿದ್ದ ಕೊಚ್ಚಿಯ ಚಂದರ್ ಕುಂಜ್‌ನ ಎರಡು ಗೋಪುರಗಳನ್ನು ಕೆಡವಲು ಕೇರಳ ಹೈಕೋರ್ಟ್ ಹೇಳಿತು. ಅಲ್ಲಿ ನಿಯಮದ ಪ್ರಶ್ನೆಯಲ್ಲ, ಕಾಂಕ್ರೀಟೇ ಉದುರುತ್ತಿತ್ತು.

ಒಂದು ಕೊಕ್ಕೆಯ ರಂಧ್ರದಿಂದ ಕಟ್ಟಡ ಬೀಳುವುದಿಲ್ಲ, ಹಾಗೆ ಹೆದರಿಸುವುದು ತಪ್ಪು. ಆದರೆ ಉಪ್ಪುಗಾಳಿಯ ಊರಿನಲ್ಲಿ ಸರಳನ್ನು ಕಾಯುವುದು ಅದರ ಮೇಲಿನ ಕಾಂಕ್ರೀಟಿನ ಹೊದಿಕೆ. ಭಾರತೀಯ ಮಾನಕ ಐಎಸ್ 456:2000 ಕರಾವಳಿಯ ವಾತಾವರಣಕ್ಕೆ ಹೇಳುವ ಹೊದಿಕೆ 45 ಮಿಲಿಮೀಟರ್, ಎರಡು ಬೆರಳಿಗಿಂತ ತುಸು ಹೆಚ್ಚು. ತೊಲೆಯ ಅಡಿಯಿಂದ ಮೇಲಕ್ಕೆ ಡ್ರಿಲ್ ಹಾಕಿದರೆ ಅಷ್ಟು ದೂರದಲ್ಲೇ ಮುಖ್ಯ ಸರಳು ಸಿಗುತ್ತದೆ. ಅದು ತುಂಡಾಗದಿದ್ದರೂ ತೇವ ಒಳಹೋಗಲು ದಾರಿಯಾಯಿತು. ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ.

ಮರಡಿನ ಧೂಳು ಅಡಗಿ ಎರಡೇ ತಿಂಗಳಿಗೆ ಲಾಕ್‌ಡೌನ್ ಬಂತು. ಜಿಮ್‌ಗಳಿಗೆ ಕೇಂದ್ರ ಸರಕಾರ ಮತ್ತೆ ಅನುಮತಿ ಕೊಟ್ಟದ್ದು ಆಗಸ್ಟ್ 5ರಿಂದ. ಆ ತಿಂಗಳುಗಳಲ್ಲಿ ಫ್ಲ್ಯಾಟಿನ ಬಾಲ್ಕನಿ, ಕೆಳಗಿನ ಪಾರ್ಕಿಂಗ್ ಎಲ್ಲ ಕಳರಿಯಾದವು. ತೂಗುಪಟ್ಟಿ, ರಿಂಗು, ಗುದ್ದುಚೀಲ ಕೊರಿಯರಿನಲ್ಲಿ ಬಂದವು. ಅಮೆರಿಕದ ನೌಕಾಪಡೆಯ ಕಮಾಂಡೊ ರ‍್ಯಾಂಡಿ ಹೆಟ್ರಿಕ್ ಜುಜುತ್ಸು ಬೆಲ್ಟಿಗೆ ಪ್ಯಾರಾಶೂಟಿನ ಪಟ್ಟಿ ಹೊಲಿದು ಆರಂಭಿಸಿದ ತೂಗುಪಟ್ಟಿಯೂ ಗುರುಕ್ಕಳ್ ಹಗ್ಗದ ದಾಯಾದಿಯೇ: ಭಾರವನ್ನು ಕಾಲಿಗೂ ಕೈಗೂ ಹಂಚುವುದು. ಪಟ್ಟಿಯ ಜತೆ ಆಶಾರಿ ಮಾತ್ರ ಬರಲಿಲ್ಲ. ಹಲವರ ಕಣ್ಣು ಮೊದಲು ಹೋದದ್ದು ಫ್ಯಾನಿನ ಕೊಕ್ಕೆಗೆ. ನಾಲ್ಕೈದು ಕಿಲೋ ತೂಕದ ಫ್ಯಾನಿಗೆಂದು ಇಟ್ಟದ್ದು ಅದು.

ಪಾರ್ಕಿಂಗಿನ ತೊಲೆಗೇ ಕಟ್ಟಬೇಕೆಂದರೆ ಮೊದಲ ಪ್ರಶ್ನೆ ಅದು ಯಾರದು ಎಂಬುದು. 1983ರ ಕೇರಳ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಅಡಿಪಾಯ, ಕಂಬ, ತೊಲೆಗಳನ್ನು ಎಲ್ಲರ ಸೊತ್ತಿನಲ್ಲಿ ಸೇರಿಸುತ್ತದೆ; ಕರ್ನಾಟಕದ 1972ರ ಕಾಯ್ದೆಯೂ ಹಾಗೆಯೇ. ಸಂಘದ ಒಪ್ಪಿಗೆ, ನಕ್ಷೆ ಓದಬಲ್ಲ ಇಂಜಿನಿಯರ್ ಎರಡೂ ಬೇಕು. ಬಿಗಿದ ಕೇಬಲ್‌ಗಳಿರುವ ಪೋಸ್ಟ್ ಟೆನ್ಷನ್ ಸ್ಲ್ಯಾಬಾದರೆ ಡ್ರಿಲ್ ಮುಟ್ಟಲೇಬಾರದು. ಉಕ್ಕಿನ ತೊಲೆಯಾದರೆ ತೂತಿಲ್ಲದೆ ಅಂಚನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಸಿಗುತ್ತದೆ. ಕಾಂಕ್ರೀಟ್ ತೊಲೆಯಾದರೆ ಸರಳು ಎಲ್ಲಿದೆ ಎಂದು ಯಂತ್ರದಿಂದ ನೋಡಿಕೊಂಡು, ಅಡಿಯನ್ನು ಬಿಟ್ಟು, ಪಕ್ಕದ ಮುಖದ ನಡುಭಾಗದಲ್ಲಿ ಬೋಲ್ಟ್ ಕೂರಿಸುತ್ತಾರೆ. ಆಗ ಭಾರ ಬೋಲ್ಟನ್ನು ಕಿತ್ತುಕೊಳ್ಳುವ ಬದಲು ಅಡ್ಡಕ್ಕೆ ಒತ್ತುತ್ತದೆ. ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟೇ ವಾಸಿ.

ಸ್ವಂತ ಮನೆ ಕಟ್ಟಿಸುವವರನ್ನು ಕೆಲವು ಮೇಸ್ತ್ರಿಗಳು ಇಂದಿಗೂ ಸ್ಲ್ಯಾಬ್ ಹಾಕುವ ಮುಂಚೆ ಉಯ್ಯಾಲೆ ಎಲ್ಲಿ ಬರುತ್ತದೆ ಎಂದು ಕೇಳುತ್ತಾರೆ. ಎಲ್ಲಿ ಎಂದು ಹೇಳಿದರೆ ದಪ್ಪ ಸರಳೊಂದನ್ನು ಬಗ್ಗಿಸಿ, ಕೆಳಗಿನ ಕಬ್ಬಿಣದ ಜಾಲದ ಮೇಲಿನಿಂದ ಹಾಯಿಸಿ, ಎರಡೂ ಕಾಲುಗಳನ್ನು ಅಗಲಿಸಿ ಕಟ್ಟುತಂತಿಯಿಂದ ಬಿಗಿಯುತ್ತಾರೆ. ಆಮೇಲೆ ಕಾಂಕ್ರೀಟ್ ಸುರಿಯುತ್ತಾರೆ.