ಶಿವಗಂಗೆ ಪರಿಸರದ ವಾರ್ಷಿಕ ಪರ್ವಗಳು

ಇಷ್ಟಲಿಂಗ ಪೂಜೆಗೆ ತಿಥಿ-ವಾರಗಳ ಹಂಗಿಲ್ಲ, ಅದು ನಿತ್ಯವ್ರತ. ಹಾಗಿದ್ದರೆ ವರ್ಷಕ್ಕೊಮ್ಮೆ ಬರುವ ಪರ್ವಗಳಿಂದ ಲಿಂಗಧಾರಿಗೆ ಆಗಬೇಕಾದುದೇನು? ಮನೆಯೊಳಗಿನ ಪೂಜೆಯನ್ನು ಊರಿನ ದಾಸೋಹವಾಗಿ ವಿಸ್ತರಿಸುವುದೇ ಪರ್ವದ ಪ್ರಯೋಜನ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಪರಿಸರದಲ್ಲಿ ಈ ಪರ್ವಗಳು ಮಳೆ-ಬೆಳೆಗಳೊಡನೆ ಹೆಣೆದುಕೊಂಡು ಬಂದಿವೆ.

ಎರಡು ಗಣನೆಗಳು

ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ಚಾಂದ್ರಮಾನವನ್ನು ಅನುಸರಿಸುತ್ತವೆ. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದು. ಈ ಅಂತರವನ್ನು ಸರಿಪಡಿಸಲು ಸುಮಾರು 32 ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಮಕರ ಸಂಕ್ರಾಂತಿಯಾದರೋ ಸೌರಮಾನದ್ದು. ಆದ್ದರಿಂದಲೇ ಅದು ಜನವರಿ 14 ಅಥವಾ 15ರಂದು ಬರುತ್ತದೆ.

ಚೈತ್ರದಿಂದ ಕಾರ್ತಿಕದವರೆಗೆ

ಚೈತ್ರ ಶುದ್ಧ ಪಾಡ್ಯದ ಯುಗಾದಿಯಿಂದ ವರ್ಷಾರಂಭ. ಅದೇ ಮಾಸದ ದವನದ ಹುಣ್ಣಿಮೆ ಅಕ್ಕಮಹಾದೇವಿಯ ಜಯಂತಿ. ವೈಶಾಖ ಶುದ್ಧ ತದಿಗೆಯಂದು ಬಸವ ಜಯಂತಿ. ಇದರ ಸಾರ್ವಜನಿಕ ಆಚರಣೆಗೆ 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ನಾಂದಿ ಹಾಡಿದರು.

ಮುಂಗಾರು ನೆಲೆಗೊಂಡಾಗ ರಾಗಿಯ ಬಿತ್ತನೆ, ಅಕ್ಕಡಿ ಸಾಲುಗಳಲ್ಲಿ ಅವರೆ. ಆ ವೇಳೆಗೆ ಬರುವ ಶ್ರಾವಣವು ಮಠಗಳಲ್ಲಿ ಪುರಾಣ-ಪ್ರವಚನಗಳ ಕಾಲ. ಹಗಲು ಹೊಲದ ಕಾಯಕ, ಸಂಜೆ ಅನುಭಾವದ ಶ್ರವಣ. ಕಾರ್ತಿಕದ ಸೋಮವಾರಗಳಲ್ಲಿ ದೀಪ ಬೆಳಗುವಾಗ ರಾಗಿಯ ತೆನೆ ಬಲಿತಿರುತ್ತದೆ.

ಸಂಕ್ರಾಂತಿ ಮತ್ತು ಗಿರಿಜಾ ಕಲ್ಯಾಣ

ಕೊಯ್ಲು ಮುಗಿದು ಕಣದ ಕೆಲಸ ಹಗುರಾದಾಗ ಕ್ಷೇತ್ರದ ಪ್ರಧಾನ ಪರ್ವವು ಬರುತ್ತದೆ. ಸಂಕ್ರಾಂತಿಯ ಬೆಳಗಿನ ಜಾವ ಬೆಟ್ಟದ ತುದಿಯ ತೀರ್ಥಕಂಬದ ಬಳಿ ಒಸರುವ ನೀರನ್ನು ಭಕ್ತರು ಗಂಗೋತ್ಪತ್ತಿಯೆಂದು ಭಾವಿಸುತ್ತಾರೆ. ಆ ತೀರ್ಥವನ್ನು ಕೆಳಗೆ ತಂದು ಶ್ರೀ ಗಂಗಾಧರೇಶ್ವರ ಮತ್ತು ಶ್ರೀ ಹೊನ್ನಾದೇವಿಯರ ಕಲ್ಯಾಣವನ್ನು ನೆರವೇರಿಸಲಾಗುತ್ತದೆ. ಮನೆಗಳಲ್ಲಿ ಎಳ್ಳು-ಬೆಲ್ಲ, ಹೊಸ ಅವರೆಯ ಅಡುಗೆ. ಸಂಜೆ ಸಿಂಗರಿಸಿದ ರಾಸುಗಳಿಗೆ ಕಿಚ್ಚು ಹಾಯಿಸುವ ಸಂಪ್ರದಾಯ. ವರ್ಷವಿಡೀ ದುಡಿದ ಎತ್ತಿಗೂ ಈ ಹಬ್ಬದಲ್ಲಿ ಪಾಲುಂಟು.

ಮಾಘ ಬಹುಳ ಚತುರ್ದಶಿಯ ಮಹಾಶಿವರಾತ್ರಿಯಲ್ಲಿ ಉಪವಾಸ-ಜಾಗರಣೆ. ಫಾಲ್ಗುಣ ಶುದ್ಧ ತ್ರಯೋದಶಿಯಂದು ವೀರಶೈವ ಪರಂಪರೆಯಲ್ಲಿ ಶ್ರೀ ರೇಣುಕಾಚಾರ್ಯ ಜಯಂತಿ. ಅಲ್ಲಿಗೆ ವರ್ಷಚಕ್ರವು ಸಂಪೂರ್ಣವಾಗುತ್ತದೆ.

ಭಕ್ತರ ಹೊಣೆ

ಕುಮುದ್ವತಿ ನದಿಯ ಉಗಮವು ಈ ಬೆಟ್ಟದಲ್ಲಿಯೇ. ಅದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿನ ಜಲಾಶಯವು ಬೆಂಗಳೂರಿಗೆ ದಶಕಗಳ ಕಾಲ ನೀರುಣಿಸಿದೆ. ತುದಿಯ ಹನಿ ನೀರನ್ನು ತೀರ್ಥವೆಂದು ಕಣ್ಣಿಗೊತ್ತಿಕೊಂಡು, ಇಳಿಯುವಾಗ ಪ್ಲಾಸ್ಟಿಕ್ ಬಾಟಲಿಯನ್ನು ಬಂಡೆಯ ಸಂದಿಗೆ ಎಸೆದರೆ ಆ ಭಕ್ತಿಗೆ ಅರ್ಥವಿಲ್ಲ. ಹಬ್ಬಕ್ಕೆ ಬರುವವರು ತಂದುದನ್ನು ಮರಳಿ ಒಯ್ಯಲಿ. ದಾಸೋಹದಲ್ಲಿ ಬೇಕಾದಷ್ಟನ್ನೇ ನೀಡಿಸಿಕೊಳ್ಳಲಿ. ನೀರನ್ನೂ ಅನ್ನವನ್ನೂ ಪ್ರಸಾದವೆಂದು ಕಾಪಾಡುವುದು ಒಂದು ದಿನದ ಆಚರಣೆಯಲ್ಲ. ಇಷ್ಟಲಿಂಗ ಪೂಜೆಯಂತೆ ಅದೂ ನಿತ್ಯವ್ರತವೇ.