ಮದ್ದಿನ ಸುಂಕದಕಟ್ಟೆ

ಆಂಗ್ಲರು ನಾಡು ಬಿಟ್ಟು ನಡೆದರು. ಅವರು 1911ರಲ್ಲಿ ಮಾಡಿಟ್ಟ ಪೇಟೆಂಟ್ ಕಾಯ್ದೆ ಇಲ್ಲೇ ಉಳಿಯಿತು. ಮದ್ದನ್ನು ಕಂಡುಹಿಡಿದವನಿಗೆ ಆ ಮದ್ದಿನ ಮೇಲೇ ಒಡೆತನ. ಬೇರೆ ದಾರಿ ಹಿಡಿದು ಅದನ್ನೇ ತಯಾರಿಸಿದರೂ ಆ ಹಕ್ಕಿನ ಉಲ್ಲಂಘನೆ. ಪೇಟೆಂಟ್ ಪಡೆದವರಲ್ಲಿ ಹೆಚ್ಚಿನವರು ಹೊರದೇಶದವರು. ತಾವು ಇಲ್ಲಿ ತಯಾರಿಸುತ್ತಿರಲಿಲ್ಲ, ತಯಾರಿಸಬಲ್ಲವರನ್ನು ಬಿಡುತ್ತಲೂ ಇರಲಿಲ್ಲ. ಬಡ ಭಾರತದಲ್ಲಿ ಮದ್ದಿನ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆ ಎಂದು ಅಮೆರಿಕದ ಸೆನೆಟ್ಟಿನ ಕೆಫಾವರ್ ಸಮಿತಿಯೇ ಗುರುತಿಸಿತು. ರೋಗಿಯ ಅಳಲು ಸುಂಕದವನ ಮುಂದೆ ಹೇಳಿಕೊಂಡ ಸುಖದುಃಖವಾಗಿತ್ತು.

ಸರ್ಕಾರ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಟ್ಟಿತು. ಕಾರ್ಖಾನೆ ಎದ್ದಿತು, ಕಾನೂನು ಕದಲಲಿಲ್ಲ. ಕಡೆಗೆ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಪೇಟೆಂಟ್ ಕಾಯ್ದೆಯ ಬಗ್ಗೆ ವರದಿ ಒಪ್ಪಿಸಿದರು: ಮದ್ದಿಗೆ ಪೇಟೆಂಟ್ ಬೇಡ, ಅದನ್ನು ಮಾಡುವ ವಿಧಾನಕ್ಕೆ ಸಾಕು. ಅದನ್ನು ಆಧರಿಸಿದ 1965ರ ಮಸೂದೆ ಆಗಿನ ಲೋಕಸಭೆಯೊಂದಿಗೇ ಮುಗಿದುಹೋಯಿತು. ವರದಿ ಕಾಯ್ದೆಯಾಗಲು 1970 ಬರಬೇಕಾಯಿತು; ಅದು ಜಾರಿಗೆ ಬಂದದ್ದು 1972ರ ಏಪ್ರಿಲ್ 20ರಂದು. ಮದ್ದು ಮಾಡುವ ವಿಧಾನದ ಹಕ್ಕೂ ಹೆಚ್ಚೆಂದರೆ 7 ವರ್ಷ. ಸುಂಕ ಇನ್ನು ದಾರಿಗೆ ಮಾತ್ರ, ಊರಿಗಲ್ಲ.

ನಮ್ಮ ರಸಾಯನಜ್ಞರು ಪೇಟೆಂಟಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಅಲ್ಲಿ ಹೇಳಿದ ದ್ರಾವಕದ ಬದಲು ಇನ್ನೊಂದು, ನಾಲ್ಕು ಹಂತದ ಬದಲು ಮೂರು. ದಾರಿ ಪೂರ್ತಿ ಬೇರೆ. ಫ್ಲಾಸ್ಕಿನ ತಳದಲ್ಲಿ ನಿಂತ ಬಿಳಿ ಪುಡಿ ಮಾತ್ರ ಅದೇ. 2001ರಲ್ಲಿ ಏಡ್ಸ್‌ನ ಮೂರು ಮದ್ದುಗಳಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿ ಬೆಲೆಯಿದ್ದಾಗ, ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 350 ಡಾಲರಿಗೆ ಕೊಡಲು ಮುಂದಾದದ್ದು ಇದೇ ವಿದ್ಯೆಯ ಬಲದಿಂದ.

ಅಷ್ಟರಲ್ಲಿ ಕಾಲ ತಿರುಗಿತ್ತು. 1995ರಲ್ಲಿ ಭಾರತ, ಮದ್ದಿಗೂ ಪೇಟೆಂಟ್ ಕೊಡಬೇಕೆಂಬ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಒಳಪಟ್ಟಿತ್ತು. ಹತ್ತು ವರ್ಷದ ಗಡುವು ಮುಗಿದು, 2005ರ ಜನವರಿ 1ರಿಂದ ಮದ್ದಿನ ಮೇಲೇ ಮತ್ತೆ ಪೇಟೆಂಟ್ ಬಂತು. ಆದರೆ ಸಂಸತ್ತು ಕಾಯ್ದೆಯ 3(ಡಿ) ಎಂಬ ಕಲಮನ್ನು ಬಿಗಿಗೊಳಿಸಿತು: ಗೊತ್ತಿರುವ ಮದ್ದಿಗೆ ಹೊಸ ರೂಪ ಕೊಟ್ಟರೆ ಸಾಲದು, ಗುಣವೂ ಹೆಚ್ಚಬೇಕು. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಅದರ ಹೊಸ ಹರಳಿನ ರೂಪಕ್ಕೆ ನೊವಾರ್ಟಿಸ್ ಕಂಪನಿ ಪೇಟೆಂಟ್ ಕೇಳಿದಾಗ, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಕಲಮನ್ನೇ ಮುಂದಿಟ್ಟು ಇಲ್ಲವೆಂದಿತು.

ಸುಂಕದಕಟ್ಟೆ ಮತ್ತೆ ಊರ ಬಾಗಿಲಿಗೇ ಬಂದಿತ್ತು, ನಿಜ. ಹಳೆಯ ಊರಿಗೆ ಹೊಸ ಹೆಸರಿಟ್ಟು ಎರಡನೆಯ ಸಲ ಸುಂಕ ಕೀಳುವುದಕ್ಕೆ ಮಾತ್ರ ಅಲ್ಲಿ ಎಡೆ ಸಿಗಲಿಲ್ಲ.